ಬಣ್ಣ ಬದಲಾಗದಿದ್ದರೆ ಮೀನು ಚೆನ್ನಾಗಿದೆ ಅಂತಲೇ ಅರ್ಥವಾ?

ಪ್ರಶ್ನೆ: ಒಳಗಿನ ಮೀನು, ಮಾಂಸ ಕೆಟ್ಟರೆ ತಾನಾಗಿಯೇ ಬಣ್ಣ ಬದಲಿಸುವ, ಎಸೆದರೆ ಮಣ್ಣಲ್ಲಿ ಕರಗುವ ಪ್ಯಾಕಿಂಗ್ ಬಗ್ಗೆ ಓದಿದೆ. ಅದಕ್ಕೆ ಹೇಗೆ ಗೊತ್ತಾಗುತ್ತೆ? ಅದನ್ನೇ ನಂಬಿ ತಿನ್ನಬಹುದಾ?

ಉತ್ತರ: ಅರ್ಧ ನಂಬಿ. ಬಣ್ಣ ಬದಲಾಗಿದ್ದರೆ ಯೋಚಿಸದೆ ಎಸೆಯಿರಿ. ಬದಲಾಗಿಲ್ಲ ಅನ್ನುವ ಒಂದೇ ಧೈರ್ಯದಲ್ಲಿ ಮಾತ್ರ ತಿನ್ನಬೇಡಿ.

ಇದರ ಗುಟ್ಟು ಇರುವುದು ನೇರಳೆ ಎಲೆಕೋಸು, ಶಂಖಪುಷ್ಪದಂಥವುಗಳಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣದಲ್ಲಿ. ನೇರಳೆ ಕೋಸನ್ನು ಬಿಸಿನೀರಲ್ಲಿ ನೆನೆಸಿ, ಆ ನೀರಿಗೆ ನಿಂಬೆರಸ ಹಿಂಡಿ ನೋಡಿ, ಕೆಂಪಾಗುತ್ತದೆ. ಇನ್ನೊಂದು ಲೋಟದಲ್ಲಿ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿ, ಜಾಸ್ತಿ ಆದರೆ ಹಸಿರು. ಮೀನು ಕೆಡುವಾಗ ಬ್ಯಾಕ್ಟೀರಿಯಾಗಳು ಅಮೋನಿಯಾ, ಟ್ರೈಮೀಥೈಲ್‌ಅಮೀನ್ ಅನ್ನುವ ಅನಿಲಗಳನ್ನು ಬಿಡುತ್ತವೆ (ಹಳೇ ಮೀನಿನ ಆ ನಾತ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಇವುಗಳದ್ದೇ). ಎರಡೂ ಸೋಡಾದ ಹಾಗೆ ಕ್ಷಾರ ಗುಣದವು. ಆಂಥೋಸಯಾನಿನ್ ಬೆರೆಸಿದ ಪ್ಯಾಕಿಂಗ್ ಹಾಳೆಯಲ್ಲಿರುವ ತೇವಕ್ಕೆ ಇವು ಸೇರಿದ ಕೂಡಲೇ ಬಣ್ಣ ತಿರುಗುತ್ತದೆ, ಹಾಳೆ ಮೀನಿಗೆ ತಾಗಬೇಕು ಅಂತಲೂ ಇಲ್ಲ. ಹಾಲು ಹಾಗಲ್ಲ, ಅದು ಸಾಮಾನ್ಯವಾಗಿ ಹುಳಿಯಾಗಿ ಕೆಡುವುದರಿಂದ ಬಣ್ಣ ಕೆಂಪಿನ ಕಡೆಗೆ ಹೋಗುತ್ತದೆ. ಹಾಗಾಗಿ ಒಂದೇ ಬಣ್ಣದ ಲೆಕ್ಕ ಎಲ್ಲಕ್ಕೂ ನಡೆಯುವುದಿಲ್ಲ.

ಈಗ ಎಡವಟ್ಟಿನ ವಿಷಯ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಲ್ಲೂ ಬೆಳೆಯುತ್ತದೆ, ಕಾಯಿಲೆ ತರುತ್ತದೆ, ಆದರೆ ವಾಸನೆಯಲ್ಲೋ ರುಚಿಯಲ್ಲೋ ಸುಳಿವು ಕೊಡಲೇಬೇಕು ಅಂತಿಲ್ಲ. ಅನಿಲವೇ ಬಾರದಿದ್ದರೆ ಪಾಪ ಹಾಳೆ ಏನು ಹೇಳೀತು? ಎಣ್ಣೆ ಕಮಟು ಹಿಡಿದರೂ ಇದಕ್ಕೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಜೊತೆಗೆ ಆಂಥೋಸಯಾನಿನ್ ಬೆಳಕು, ಬಿಸಿಗೆ ಮಾಸುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ದಿನಾಂಕ ನೋಡುವುದನ್ನು, ತಂಪಲ್ಲಿಡುವುದನ್ನು ಬಿಡಬೇಡಿ.

ಕರಗುವ ಮಾತು? ಪಿಷ್ಟ, ಜೆಲಟಿನ್, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಇವುಗಳ ಹಾಳೆ ಮಣ್ಣಲ್ಲಿ ಕೊಳೆಯುತ್ತದೆ, ನಿಜ. ಆದರೆ ಪಿಷ್ಟ, ಜೆಲಟಿನ್ ಹಾಳೆಗಳು ತೇವ ಕುಡಿದು ಮೆತ್ತಗಾಗುತ್ತವೆ, ಒದ್ದೆ ಮೀನಿಗೆ ಅಷ್ಟೇ ಸಾಲದು. ಗಟ್ಟಿ ಇರಲಿ ಅಂತ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ ಬಳಸಿದರೆ, ಅದು ಬೇಗ ಗೊಬ್ಬರವಾಗಲು ದೊಡ್ಡ ಘಟಕಗಳಲ್ಲಿ ಸಿಗುವ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಿತ್ತಲ ಗುಂಡಿಯಲ್ಲಿ ಅದು ಸುಮ್ನೆ ಬಿದ್ದಿರುತ್ತದೆ, ವರ್ಷಗಟ್ಟಲೆ. ಇನ್ನು, ಬಣ್ಣ ಬದಲಿಸುವುದು ಒಳಗೆ ಅಂಟಿಸಿದ ಸಣ್ಣ ಚೀಟಿಯಷ್ಟೇ ಆಗಿದ್ದು, ಹೊರಗಿನ ಕವರ್ ಮಾಮೂಲಿ ಪ್ಲಾಸ್ಟಿಕ್ ಆಗಿರಲೂಬಹುದು. ಎಸೆಯುವ ಮುಂಚೆ ಎರಡನ್ನೂ ಬೇರೆಬೇರೆಯಾಗಿ ನೋಡಿ.