ಎದುರಾಳಿ ಗಾಯದಿಂದ ಮರಳುವ ತನಕ ಹೊಡೆದವನನ್ನೂ ಹೊರಗೆ ಕೂರಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ರಗ್ಬಿ ಲೀಗ್‌ನಲ್ಲಿ ಒಬ್ಬ ತಪ್ಪು ಟ್ಯಾಕಲ್ (ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವುದು) ಮಾಡಿ ಇನ್ನೊಬ್ಬನ ಇಡೀ ಸೀಸನ್ ಮುಗಿಸಿಬಿಟ್ಟರೆ, ಗಾಯಾಳು ವಾಪಸ್ ಬರುವ ತನಕ ಅವನನ್ನೂ ಹೊರಗಿಡೋದು ನ್ಯಾಯ ಅಲ್ವಾ? ಅಲ್ಲ ಅಂತ ನನ್ನ ಅಭಿಪ್ರಾಯ. ನಾನಿರುವುದು ಸಿಡ್ನಿಯಲ್ಲಿ. ಚಳಿಗಾಲ ಪೂರ್ತಿ ನಮ್ಮ ಆಫೀಸಿನಲ್ಲಿ ಇದೇ ವಾದ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಮಾತು ಎದ್ದಾಗಲೆಲ್ಲ ಬರುವ ಉದಾಹರಣೆ 2021ರ ಆಗಸ್ಟ್‌ನದು. ಸೌತ್ ಸಿಡ್ನಿಯ ಲ್ಯಾಟ್ರೆಲ್ ಮಿಚೆಲ್ ಓಡಿ ಬಂದು ಎದುರಾಳಿ ತಂಡ ರೂಸ್ಟರ್ಸ್‌ನ ಜೋಸೆಫ್ ಮನು ಮುಖಕ್ಕೆ ಭುಜದಿಂದ ಗುದ್ದಿದ. ಇಬ್ಬರೂ ಹಿಂದೆ ಒಂದೇ ತಂಡದಲ್ಲಿ ಆಡಿದವರು. ಮನು ಕೆನ್ನೆಯ ಮೂಳೆ ಮುರಿಯಿತು, ಸೀಸನ್ ಅಲ್ಲಿಗೇ ಮುಗಿಯಿತು. ಮಿಚೆಲ್‌ಗೆ ಆವತ್ತು ಸಿಕ್ಕಿದ್ದು ಹತ್ತು ನಿಮಿಷದ ಸಿನ್ ಬಿನ್ (ಮೈದಾನದಿಂದ ಹೊರಗೆ ಕೂರುವ ಶಿಕ್ಷೆ) ಮಾತ್ರ, ಆಮೇಲೆ ಆರು ಪಂದ್ಯ ನಿಷೇಧ. ಸೌತ್ ಸಿಡ್ನಿ ಅವನಿಲ್ಲದೆ ಫೈನಲ್‌ಗೆ ಹೋಗಿ ಪೆನ್ರಿತ್ ಎದುರು 14-12ರಲ್ಲಿ ಸೋತಿತು. ಅಂದರೆ ನಿಷೇಧದ ಲಾಭ ಸಿಕ್ಕಿದ್ದು ಪೆನ್ರಿತ್‌ಗೆ. ಉಳಿದ ಎರಡು ಪಂದ್ಯವನ್ನು 2022ರ ಶುರುವಿನಲ್ಲಿ ಕಳೆದು ಮಿಚೆಲ್ ಮರಳಿದ ಮೊದಲ ಪಂದ್ಯ ಯಾರ ಮೇಲೆ ಅಂತೀರಿ? ರೂಸ್ಟರ್ಸ್ ಮೇಲೆ! ನೊಂದವರಿಗೆ ಸಿಕ್ಕಿದ್ದು ಸೊನ್ನೆ.

ಹಾಗಂತ ಗಾಯಕ್ಕೆ ಸರಿಸಮ ಶಿಕ್ಷೆ ಅನ್ನೋಕಾಗಲ್ಲ. 2014ರಲ್ಲಿ ನ್ಯೂಕ್ಯಾಸಲ್‌ನ ಅಲೆಕ್ಸ್ ಮೆಕಿನನ್‌ನನ್ನು ಮೆಲ್ಬರ್ನ್‌ನ ಮೂವರು ಹಿಡಿದು ಎತ್ತಿದರು. ಬಿದ್ದ ರೀತಿಗೆ ಕುತ್ತಿಗೆಯ ಮೂಳೆ ಮುರಿದು ಅವನು ವ್ಹೀಲ್‌ಚೇರ್ ಪಾಲಾದ. ಆ ಮೂವರಲ್ಲಿ ಒಬ್ಬನಾದ ಜೋರ್ಡನ್ ಮೆಕ್ಲೀನ್‌ಗೆ ಏಳು ಪಂದ್ಯ ನಿಷೇಧವಾಯಿತು. ನಿಮ್ಮ ಲೆಕ್ಕದಲ್ಲಿ ಅವನು ಜೀವಮಾನದಲ್ಲಿ ಮತ್ತೆ ಆಡುವ ಹಾಗೇ ಇಲ್ಲ. ಅಂಥದ್ದೇ ಟ್ಯಾಕಲ್ ಮಾಡಿ, ಎದುರಾಳಿ ಅದೃಷ್ಟಕ್ಕೆ ಬೆನ್ನ ಮೇಲೆ ಬಿದ್ದು ಮಣ್ಣು ಕೊಡವಿ ಎದ್ದರೆ, ಆ ಟ್ಯಾಕಲ್ ಮಾಡಿದವನಿಗೆ ಏನೂ ಇಲ್ವಾ? ಕೃತ್ಯ ಒಂದೇ ತಾನೇ. ಅದೂ ಅಲ್ಲದೆ, ಗಾಯಾಳು ಯಾವಾಗ ಫಿಟ್ ಅಂತ ಹೇಳೋದು ಅವನ ಕ್ಲಬ್‌ನ ಡಾಕ್ಟರು. ಎದುರಾಳಿಯ ಸ್ಟಾರ್ ಇನ್ನೆರಡು ವಾರ ಹೊರಗಿರಲಿ ಅನ್ನಿಸಿದರೆ ಗಾಯ ವಾಸಿಯಾಗೋದು ತಡ ಆಗುತ್ತೆ, ಅಷ್ಟೇ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಎಲ್ಲ ಪಂದ್ಯವೂ ಒಂದೇ ಅಂತ ಎಣಿಸುತ್ತಾರಲ್ಲ, ಅಲ್ಲಿ. 2014ರಲ್ಲಿ ಐಸಾಕ್ ಲೂಕ್‌ಗೆ ಬಿದ್ದಿದ್ದು ಒಂದೇ ಪಂದ್ಯದ ನಿಷೇಧ. ಆದರೆ ಆ ಒಂದು, ಸೌತ್ ಸಿಡ್ನಿ 43 ವರ್ಷ ಕಾದು ಕಪ್ ಗೆದ್ದ ಫೈನಲ್! 2008ರಲ್ಲಿ ಮೆಲ್ಬರ್ನ್ ನಾಯಕ ಕ್ಯಾಮೆರಾನ್ ಸ್ಮಿತ್ ಇದೇ ರೀತಿ ಫೈನಲ್‌ನಲ್ಲಿ ಹೊರಗೆ ಕೂತ, ತಂಡ 40-0 ಸೋತಿತು. 2018ರಲ್ಲಿ ಮೆಲ್ಬರ್ನ್‌ನ ಬಿಲ್ಲಿ ಸ್ಲೇಟರ್ ಮೇಲೂ ಶೋಲ್ಡರ್ ಚಾರ್ಜ್ (ಕೈಯಿಂದ ಹಿಡಿಯದೆ ಭುಜದಿಂದ ಗುದ್ದುವುದು) ಆರೋಪ ಬಂತು. ಫೈನಲ್‌ಗೆ ಮುಂಚೆ ಲೀಗ್‌ನ ಶಿಸ್ತು ಸಮಿತಿ ತಪ್ಪಿಲ್ಲ ಅಂತ ಬಿಟ್ಟಿತು, ಅವನ ಕೊನೆಯ ಪಂದ್ಯ ಅಂತ ಕನಿಕರ ತೋರಿಸಿದರು ಅಂತ ಇವತ್ತಿಗೂ ಹೇಳುವವರಿದ್ದಾರೆ. ಇನ್ನು 2022ರಿಂದ ಸಣ್ಣ ದರ್ಜೆಯ ತಪ್ಪಿಗೆ ದುಡ್ಡಿನ ದಂಡ ಬಂದಿದೆ. ಶುರುವಿನಲ್ಲಿ ಮೊದಲ ಸಲಕ್ಕೆ, ತಪ್ಪೊಪ್ಪಿಕೊಂಡರೆ, 1000 ಡಾಲರ್. ವರ್ಷಕ್ಕೆ ಹತ್ತು ಲಕ್ಷ ಡಾಲರ್ ದುಡಿಯುವವನಿಗೂ ಅಷ್ಟೇ, ಕನಿಷ್ಠ ಸಂಬಳದ ಹುಡುಗನಿಗೂ ಅಷ್ಟೇ.

ಈಗ ಗಾಯದ ವಿಷಯ. ಮೂಳೆ ಮುರಿದರೆ ಆಡಬೇಕಾ ಬೇಡವಾ ಅನ್ನೋದು ಆಟಗಾರನ ಇಷ್ಟ ಅಂತ ಬಿಟ್ಟಿದ್ದಾರೆ, ನನಗೂ ಅದು ಒಪ್ಪಿಗೆಯೇ. ಸ್ಯಾಮ್ ಬರ್ಜೆಸ್ 2014ರ ಫೈನಲ್‌ನ ಮೊದಲ ಡಿಕ್ಕಿಯಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡು, ಊದಿದ ಮುಖದಲ್ಲಿ ಕೊನೆ ತನಕ ಆಡಿ ಪಂದ್ಯಶ್ರೇಷ್ಠ ಆದ. ಕೂಪರ್ ಕ್ರಾಂಕ್ 2018ರಲ್ಲಿ ಮುರಿದ ಭುಜದ ಹಲಗೆ ಇಟ್ಟುಕೊಂಡೇ ಫೈನಲ್ ಆಡಿ ಕಪ್ ಎತ್ತಿದ. ಹುಚ್ಚುತನವೇ, ಆದರೆ ಅವರದೇ ಮೈ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಆಟಗಾರನ ಮಾತು ಕೇಳಲೇಬಾರದು, ಯಾಕಂದ್ರೆ ನಿರ್ಧಾರ ಮಾಡಬೇಕಾದ ತಲೆಗೇ ಏಟಾಗಿರುತ್ತೆ. 2024ರಿಂದ ಕನ್‌ಕಶನ್ (ತಲೆಗೆ ಪೆಟ್ಟಾಗಿ ಮೆದುಳಿಗೆ ಆಘಾತ) ಆದವನು ಸಾಮಾನ್ಯವಾಗಿ 11 ದಿನ ಆಡುವ ಹಾಗಿಲ್ಲ. ಒಳ್ಳೆಯ ನಿಯಮ.

ಆದರೆ ದಂಡದ ನಿಯಮ, ಈ 11 ದಿನದ ನಿಯಮ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಸೆಮಿಫೈನಲ್ (ಇಲ್ಲಿ ಅದಕ್ಕೆ ಪ್ರಿಲಿಮಿನರಿ ಫೈನಲ್ ಅಂತಾರೆ) ಇರೋದು ಶುಕ್ರವಾರ ಇಲ್ಲಾ ಶನಿವಾರ, ಫೈನಲ್ ಮುಂದಿನ ವಾರದ ಭಾನುವಾರ. ಮಧ್ಯೆ ಎಂಟೋ ಒಂಬತ್ತೋ ದಿನ. ಸೆಮಿಯಲ್ಲಿ ಯಾರೋ ಎತ್ತರಕ್ಕೆ ಕೈ ಬೀಸಿ ನಿಮ್ಮ ತಲೆಗೆ ಹೊಡೆದರೆ ಫೈನಲ್ ತಪ್ಪೋದು ನಿಮಗೆ. ಹೊಡೆದವನದು ಸಣ್ಣ ದರ್ಜೆ ಅಂತಾದರೆ ದಂಡ ಕಟ್ಟಿ, ಅವನ ತಂಡ ಗೆದ್ದಿದ್ದರೆ ಆರಾಮಾಗಿ ಫೈನಲ್ ಆಡಬಹುದು. 2021ರಲ್ಲಿ ಬಂದ 18ನೇ ಆಟಗಾರನ (ಹೆಚ್ಚುವರಿ ಮೀಸಲು ಆಟಗಾರ) ನಿಯಮದಿಂದ ಆವತ್ತಿನ ಪಂದ್ಯಕ್ಕೆ ಬದಲಿ ಸಿಗಬಹುದು, ಅದೂ ಹೊಡೆದವನನ್ನು ರೆಫರಿ ಹೊರಗೆ ಕಳಿಸಿದರೆ.

ಹಾಗಾಗಿ ನಾನು ಕೇಳೋದು ಇಷ್ಟೇ. ತಲೆಗೆ ತಗುಲಿದ ಟ್ಯಾಕಲ್ ಮೇಲೆ ಆರೋಪ ಸಾಬೀತಾದರೆ ದಂಡದ ಆಯ್ಕೆಯೇ ಬೇಡ, ಕಡಿಮೆ ಅಂದರೂ ಒಂದು ಪಂದ್ಯ ಹೊರಗೆ. ಎದುರಾಳಿಗೆ ಪೆಟ್ಟಾಗಿರಲಿ, ಬಿಡಲಿ. ಹಾಗೆ ಮಾಡಿದರೆ ಫೈನಲ್‌ನಲ್ಲಿ ಸ್ಟಾರ್‌ಗಳೇ ಇರಲ್ಲ ಅಂತ ನಮ್ಮ ಆಫೀಸಿನವರು ರೇಗುತ್ತಾರೆ. ಒಂದು ಸೀಸನ್ ಹಾಗಾಗಬಹುದು. ಮುಂದಿನ ಸೀಸನ್‌ಗೆ ಕೋಚ್‌ಗಳೇ ಹುಡುಗರಿಗೆ ಸೊಂಟ ಹಿಡಿಯೋದು ಕಲಿಸುತ್ತಾರೆ.