ಅಜ್ಜ ಹೇಳಿದ್ದೂ ಸರಿ, ದೀಪದ ಮೇಲಿರೋದೂ ಸರಿ

ಅರಸೀಕೆರೆಯ ಓದುಗರೇ, ನಮಸ್ಕಾರ. ಅಟ್ಟದ ಮೇಲೆ ಸಿಕ್ಕ ಅಜ್ಜನ ಕೈದೀಪದ ಬಗ್ಗೆ ಬರೆದಿದ್ದೀರಿ. 1932ರಲ್ಲಿ ಪಾಯಿಂಟ್ಸ್‌ಮನ್ ಆಗಿ, ಅಂದರೆ ರೈಲು ಹಳಿ ಬದಲಿಸುವ ಕೆಲಸಕ್ಕೆ, ಸೇರಿದ ಅಜ್ಜ ಕೊನೆವರೆಗೂ ‘ನಾನು ಮೈಸೂರು ರೈಲ್ವೆಯವನು’ ಅನ್ನುತ್ತಿದ್ದರು, ದೀಪದ ಹಿತ್ತಾಳೆ ಬಿಲ್ಲೆ ನೋಡಿದರೆ ‘ಎಂ ಅಂಡ್ ಎಸ್‌ಎಂ’ ಅಂತಿದೆ, ಯಾವುದು ನಿಜ ಅನ್ನೋದು ನಿಮ್ಮ ಪ್ರಶ್ನೆ.

ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ನಮ್ಮ ಕನ್ನಡ ಸೀಮೆಯನ್ನೇ ಬ್ರಿಟಿಷರು ದಕ್ಷಿಣ ಮರಾಠಾ ಸೀಮೆ ಅಂತ ಕರೆಯುತ್ತಿದ್ದರು, ಪೇಶ್ವೆಗಳ ಆಳ್ವಿಕೆ ಅಲ್ಲಿ ನಡೆದಿತ್ತಲ್ಲ, ಅದಕ್ಕೆ. 1882ರಲ್ಲಿ ಶುರುವಾದ ಕಂಪನಿ ಅದೇ ಹೆಸರು ಇಟ್ಟುಕೊಂಡಿತು. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿದ ಮೇಲೆ ಹೆಸರು ಇನ್ನೂ ಉದ್ದವಾಯಿತು.

ಆದರೆ ಮೈಸೂರಿನ ಹಳಿ ಇವರ ಕೈಗೆ ಹೋಗಿದ್ದು ಹೇಗೆ ಅನ್ನೋದೇ ನಿಜವಾದ ಕಥೆ. 1876–78ರ ಬರದಲ್ಲಿ, ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಲ್ಲೇ ನೆನೆಯುತ್ತಿದ್ದ ಆ ಬರದಲ್ಲಿ, ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆಗ ಬರಪರಿಹಾರದ ಕೆಲಸ ಅಂತ ಬೆಂಗಳೂರು–ಮೈಸೂರು ಲೈನು ಶುರುವಾಯಿತು. ಖರ್ಚು ಕಡಿಮೆ ಅಂತ ಮೀಟರ್ ಗೇಜು, ಅಂದರೆ ಒಂದು ಮೀಟರ್ ಅಗಲದ ಹಳಿ. ಹೊಟ್ಟೆಗಿಲ್ಲದವರು ಮಣ್ಣು ಹೊತ್ತ ದಾರಿ ಅದು. 1882ರಲ್ಲಿ ರೈಲು ಮೈಸೂರು ಮುಟ್ಟಿತು, ಆಮೇಲೆ ಇನ್ನೊಂದು ಕಡೆ ಗುಬ್ಬಿವರೆಗೂ ಹಳಿ ಬಿತ್ತು. ಅಲ್ಲಿಗೆ ಒಟ್ಟು 140 ಮೈಲಿ, ಎಲ್ಲಾ ಸಂಸ್ಥಾನದ ದುಡ್ಡಿನದು.

ಮುಂದೆ ಹರಿಹರದವರೆಗೆ ಹಾಕಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ, ಮುಗಿದ ಲೈನನ್ನೂ ಮುಗಿಯದ್ದನ್ನೂ 46 ವರ್ಷಕ್ಕೆ ಸದರ್ನ್ ಮರಾಠಾ ಕಂಪನಿಗೆ ವಹಿಸಿಕೊಟ್ಟರು. ಕಂಪನಿ ಇಂಗ್ಲೆಂಡಿನಲ್ಲಿ ಸಾಲ ಎತ್ತಿತು, ಬಡ್ಡಿ ಮೈಸೂರಿನ ತಲೆಗೆ ಬಿತ್ತು. ನನ್ನ ಕೇಳಿದರೆ ಇದು ಹೊಲ ಅಡವಿಟ್ಟು ಬಾವಿ ತೋಡಿಸಿದ ಹಾಗೆ. ಆದರೂ 1889ರಲ್ಲಿ ಹರಿಹರದವರೆಗೆ ರೈಲು ಓಡಿತು, ನೀರಂತೂ ಬಂತು ಅನ್ನಿ.

ಈಗ ನಿಮ್ಮ ಊರಿಗೆ ಬರೋಣ. ಹಾಸನದ ಮೇಲೆ ಮೈಸೂರಿನಿಂದ ಅರಸೀಕೆರೆಗೆ ಬಂದ ಲೈನು ಸಂಸ್ಥಾನವೇ ಹಾಕಿಸಿ ತಾನೇ ನಡೆಸಿದ್ದು, ಅಂದರೆ ಅಜ್ಜ ಹೇಳುತ್ತಿದ್ದ ಮೈಸೂರು ರೈಲ್ವೆಯದು. ಬೆಂಗಳೂರು–ಹರಿಹರದ ಲೈನು ಮಾತ್ರ ಆ 46 ವರ್ಷ ಕಳೆದ ಮೇಲೂ, 1938ರಲ್ಲಿ ಸಂಸ್ಥಾನಕ್ಕೆ ಬರುವವರೆಗೂ, ಎಂ ಅಂಡ್ ಎಸ್‌ಎಂ ಕೈಯಲ್ಲೇ ಇತ್ತು. ಹೀಗಾಗಿ ನಿಮ್ಮ ಜಂಕ್ಷನ್‌ನಲ್ಲಿ ಎರಡು ಯಜಮಾನಿಕೆ ಎದುರುಬದುರಾಗಿದ್ದವು! ಅಜ್ಜ ಹರಿಹರದ ಲೈನಿನಲ್ಲಿ ಕೆಲಸಕ್ಕೆ ಸೇರಿದ್ದರೆ ಲೆಕ್ಕ ಸರಿಹೋಗುತ್ತೆ, ಅಲ್ವಾ? ಕಂಪನಿಯ ಆಳಾಗಿ ದೀಪ ಹಿಡಿದವರು 1938ರಲ್ಲಿ ಮೈಸೂರು ರೈಲ್ವೆಯವರಾದರು, ದೀಪ ಅದೇ ಉಳಿಯಿತು.

ಅಂದಹಾಗೆ, ಆ ಬಿಲ್ಲೆಗೆ ಹುಣಸೆಹಣ್ಣು ಹಾಕಿ ಜಾಸ್ತಿ ಉಜ್ಜಬೇಡಿ. ಅಕ್ಷರ ಸವೆದುಹೋಗುತ್ತೆ.

– ಸಂಪಾದಕ