ಬಾಕ್ಸ್‌ಟರ್ ಪಂಪ್ ಬಿಚ್ಚುವುದಕ್ಕಿಂತ ಕೂಲಂಟ್ ತುಂಬುವುದೇ ಕಷ್ಟ

ಪ್ರಶ್ನೆ: ಸರ್, ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ 2001ರ ಪೋರ್ಷ ಬಾಕ್ಸ್‌ಟರ್ ಸೆಕೆಂಡ್ ಹ್ಯಾಂಡ್ ಕೊಂಡೆ. 2.7 ಲೀಟರ್ ಇಂಜಿನ್, ಮ್ಯಾನ್ಯುವಲ್ ಗೇರ್, 78,000 ಮೈಲಿ ಓಡಿದೆ. ಒಂದು ತಿಂಗಳಿಂದ ಗ್ಯಾರೇಜ್ ನೆಲದ ಮೇಲೆ ಗುಲಾಬಿ ಬಣ್ಣದ ಹನಿ ಬೀಳುತ್ತಿದೆ. ಸೀಟಿನ ಹಿಂದಿನಿಂದ ಗೊರಗೊರ ಸದ್ದೂ ಇದೆ. ವಾಟರ್ ಪಂಪ್ ಹೋಗಿದೆ ಅನ್ನುತ್ತಾರೆ. ಇದನ್ನು ಮನೆಯಲ್ಲೇ ಬದಲಿಸಬಹುದೇ? ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಹಳೆ ಪಂಪಿನಲ್ಲಿ ಪ್ಲಾಸ್ಟಿಕ್ ಇಂಪೆಲರ್ (ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಗಳ ಚಕ್ರ) ಇರುತ್ತೆ, ಈ ಸಲ ಲೋಹದ್ದು ಹಾಕಿಸು ಅಂತ ನಮ್ಮ ಭಾವ ಹೇಳುತ್ತಾರೆ. ಹಾಕಲೇ?

ಉತ್ತರ: ಬದಲಿಸಬಹುದು. ಆದರೆ ಶನಿವಾರ ಬೆಳಿಗ್ಗೆ ಶುರು ಮಾಡಿ ಮಧ್ಯಾಹ್ನದ ಊಟಕ್ಕೆ ಕಾರಿನಲ್ಲೇ ಹೋಗೋಣ ಅಂದುಕೊಳ್ಳಬೇಡಿ. ಮೊದಲ ಸಲ ಮಾಡುವವರು ಎರಡು ದಿನ ಇಟ್ಟುಕೊಳ್ಳಿ. ಸೋಮವಾರ ಆಫೀಸಿಗೆ ಹೋಗಲು ಬೇರೆ ಗಾಡಿಯೂ ಇರಲಿ.

ಪಂಪ್ ತರಿಸುವ ಮುಂಚೆ ಹನಿ ಎಲ್ಲಿಂದ ಬರುತ್ತಿದೆ ಅಂತ ನೋಡಿ. ಈ ಕಾರಿನಲ್ಲಿ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವದ ಟ್ಯಾಂಕ್ ಹಿಂದಿನ ಡಿಕ್ಕಿಯಲ್ಲಿದೆ. ವಯಸ್ಸಾದ ಮೇಲೆ ಆ ಪ್ಲಾಸ್ಟಿಕ್ ಟ್ಯಾಂಕ್ ಸೀಳು ಬಿಡುತ್ತದೆ. ಅಲ್ಲಿಂದ ಸೋರಿದ ಕೂಲಂಟ್ ಕೆಳಗಿಳಿದು ಬಂದರೆ ಪಂಪಿನ ಮೇಲೇ ಅನುಮಾನ ಬರುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ, ಕೈಯಿಟ್ಟು ನೋಡಿ. ಒದ್ದೆ ಇದ್ದರೆ, ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದರೆ ತಪ್ಪಿತಸ್ಥ ಟ್ಯಾಂಕು. ನಿಮ್ಮ ಕಾರಿನಲ್ಲಿ ಸದ್ದೂ ಇರುವುದರಿಂದ ಪಂಪೇ ಇರಬಹುದು ಅನ್ನಿಸುತ್ತದೆ. ಬೆಲ್ಟ್ ಕಳಚಿದ ಮೇಲೆ ಪಂಪಿನ ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿ. ಸ್ವಲ್ಪ ಆಡಿದರೂ, ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಅನ್ನಿಸಿದರೂ ಬೇರಿಂಗ್ ಮುಗಿದಿದೆ ಅಂತಲೇ ಲೆಕ್ಕ.

ಬೇರಿಂಗ್ ಮುಗಿದಿದ್ದರೆ ಕಾರನ್ನು ಓಡಿಸಬೇಡಿ. ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ಎ.ಸಿ., ಪಂಪ್ ಎಲ್ಲಕ್ಕೂ ಒಂದೇ ಬೆಲ್ಟ್. ಪಂಪ್ ಹಿಡಿದುಕೊಂಡು ಬೆಲ್ಟ್ ಹರಿದರೆ ಹೈವೇಯಲ್ಲಿ ಎಲ್ಲವೂ ಒಟ್ಟಿಗೇ ಕೈಕೊಡುತ್ತವೆ.

ಈ ಕಾರಿನ ಇಂಜಿನ್ ಎಲ್ಲಿದೆ ಅಂತ ಹುಡುಕುವುದೇ ಒಂದು ತಮಾಷೆ. ಮುಂದೆ ಬಾನೆಟ್ ತೆಗೆದರೆ ಡಿಕ್ಕಿ, ಹಿಂದೆ ತೆಗೆದರೂ ಡಿಕ್ಕಿ. ಇಂಜಿನ್ ಸೀಟಿನ ಬೆನ್ನಿಗಿದೆ. ಬೆಲ್ಟ್ ಇರುವ ಮುಖ ನಿಮ್ಮ ಬೆನ್ನಿನ ಕಡೆಗೇ ತಿರುಗಿದೆ. ಮಡಚುವ ಟಾಪನ್ನು ಅರ್ಧಕ್ಕೆ ತೆರೆದು ನಿಲ್ಲಿಸಿ, ಸೀಟುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿ. ಹಿಂದಿನ ಕಾರ್ಪೆಟ್ ಸರಿಸಿದರೆ ಒಂದು ದೊಡ್ಡ ತಗಡಿನ ಮುಚ್ಚಳ ಸಿಗುತ್ತದೆ. ಅದನ್ನು ಬಿಚ್ಚಿದರೆ ಬೆಲ್ಟು, ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕಣ್ಣೆದುರಿಗೇ ಇರುತ್ತವೆ. 24 ಎಂ.ಎಂ. ಸ್ಪ್ಯಾನರ್ ಹಾಕಿ ಟೆನ್ಷನರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬೆಲ್ಟ್ ಸಡಿಲವಾಗುತ್ತದೆ. ಕಳಚುವ ಮುಂಚೆ ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ನೆನಪಿರುತ್ತೆ ಅಂತ ನಂಬಿ ನಾನು ಒಂದು ಸಲ ಅರ್ಧ ಗಂಟೆ ಕಳೆದಿದ್ದೇನೆ. ಇಷ್ಟು ಬಿಚ್ಚಿದ ಮೇಲೆ ಹಳೆ ಬೆಲ್ಟನ್ನೇ ಮತ್ತೆ ಹಾಕುವುದು ಜಿಪುಣತನ.

ಉಳಿದ ಕೆಲಸ ಕೆಳಗಿನಿಂದ. ಕಾರನ್ನು ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ಮೇಲಿರುವ ಕಾರಿನ ಕೆಳಗೆ ತಲೆ ಹಾಕಲೇಬೇಡಿ, ಇದರಲ್ಲಿ ಮಾತಿಲ್ಲ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಟ್ಯಾಂಕಿನ ಮುಚ್ಚಳ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೇ ಹಾರುತ್ತದೆ. ದೊಡ್ಡ ಬೋಗುಣಿ ಇಟ್ಟುಕೊಳ್ಳಿ. ಈ ಕಾರಿನಲ್ಲಿ ನಾಲ್ಕು ಗ್ಯಾಲನ್‌ಗೂ ಮೀರಿ ಕೂಲಂಟ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ನುಗ್ಗಿ ಬಂದರೂ ಆಶ್ಚರ್ಯವಿಲ್ಲ. ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಬೇರೆ ಕೋಣೆಯಲ್ಲಿ ಕೂಡಿಹಾಕಿ. ಕೂಲಂಟ್ ಸಿಹಿ, ನೆಕ್ಕುತ್ತವೆ, ಅದು ವಿಷ. ಚರಂಡಿಗೂ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ನಿಮ್ಮ ಕೌಂಟಿಯ ರಾಸಾಯನಿಕ ಕಸ ತೆಗೆದುಕೊಳ್ಳುವ ಕಡೆ ಕೊಡಿ.

ಪಂಪನ್ನು ಹಿಡಿದಿರುವುದು ಏಳು ಬೋಲ್ಟ್. ತಲೆ 10 ಎಂ.ಎಂ. ಲೆಕ್ಕಕ್ಕೆ ಏಳೇ, ಆದರೆ ಒಂದೆರಡಕ್ಕೆ ಕೈ ಹೋಗುವುದೇ ಕಷ್ಟ. ಉದ್ದದ ಎಕ್ಸ್‌ಟೆನ್ಷನ್, ಬಾಗುವ ಸಾಕೆಟ್ ಜಾಯಿಂಟ್ ಬೇಕೇ ಬೇಕು. ಒಂದು ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು, ತೂತು ಮಾಡಿ, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಇಪ್ಪತ್ತು ವರ್ಷ ಬಿಸಿ ತಂಪು ಕಂಡ ಬೋಲ್ಟುಗಳಿವು. ಜೋರು ಮಾಡಿದರೆ ತಲೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ಬಿಡಿ. ಬಿಗಿ ಅನ್ನಿಸಿದರೆ ಸ್ವಲ್ಪ ಸಡಿಲ, ಸ್ವಲ್ಪ ಬಿಗಿ ಮಾಡುತ್ತಾ ಹೊರಗೆ ತನ್ನಿ.

ಪಂಪ್ ಕೈಗೆ ಬಂದ ತಕ್ಷಣ ಇಂಪೆಲರಿನ ರೆಕ್ಕೆಗಳನ್ನು ಒಂದೊಂದಾಗಿ ನೋಡಿ. ಯಾವುದಾದರೂ ಮುರಿದಿದ್ದರೆ ಆ ಚೂರು ಎಲ್ಲೋ ಒಳಗೇ ಇದೆ. ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟಿನ ದಾರಿ ತೆರೆಯುವ ವಾಲ್ವ್) ಕವರ್ ಬಿಚ್ಚಿ ಹುಡುಕಿ, ಹೋಸುಗಳಲ್ಲಿ ನೀರು ಬಿಟ್ಟು ತೊಳೆಯಿರಿ. ಚೂರು ಸಿಗುವವರೆಗೆ ಹೊಸ ಪಂಪ್ ಕೂರಿಸಬೇಡಿ. ಅದು ಇಂಜಿನ್ನಿನ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ಆ ಒಂದು ಜಾಗ ಮಾತ್ರ ಬಿಸಿಯೇರುತ್ತದೆ, ಟೆಂಪರೇಚರ್ ಗೇಜಿನಲ್ಲಿ ಏನೂ ಗೊತ್ತಾಗುವುದಿಲ್ಲ. ಹೇಗೂ ಬಿಚ್ಚಿದ್ದೀರಿ, ಥರ್ಮೋಸ್ಟಾಟನ್ನೂ ಹೊಸದು ಹಾಕಿ.

ಈಗ ಭಾವನ ಮಾತಿಗೆ ಬರೋಣ. ಅವರ ಲೆಕ್ಕ ಅರ್ಥವಾಗುತ್ತದೆ, ಲೋಹ ಮುರಿಯುವುದಿಲ್ಲ ಅಲ್ವಾ? ಆದರೆ ಈ ಇಂಜಿನ್ನಿನಲ್ಲಿ ಇಂಪೆಲರ್ ತಿರುಗುವ ಗೂಡು ಪಂಪಿನ ಭಾಗವಲ್ಲ, ಇಂಜಿನ್ನಿನದೇ ಅಲ್ಯೂಮಿನಿಯಂ. ಇಂಪೆಲರಿಗೂ ಗೂಡಿಗೂ ನಡುವೆ ಇರುವ ಅಂತರ ಬಹಳ ಕಡಿಮೆ. ಬೇರಿಂಗ್ ಸವೆದು ಇಂಪೆಲರ್ ಓಲಾಡಿದರೆ ಪ್ಲಾಸ್ಟಿಕ್ ತಾನೇ ಸವೆಯುತ್ತದೆ ಅಥವಾ ಮುರಿಯುತ್ತದೆ. ಲೋಹವಾದರೆ ಇಂಜಿನ್ನನ್ನೇ ಕೆರೆಯುತ್ತದೆ. ಪಂಪ್ ಮತ್ತೆ ಕೊಳ್ಳಬಹುದು, ಇಂಜಿನ್ ಕೇಸ್ ಕೊಳ್ಳುವುದಕ್ಕೆ ಹೋದರೆ ಕಾರಿನ ಬೆಲೆಯನ್ನೇ ನೋಡಬೇಕಾಗುತ್ತದೆ. ಲೋಹದ್ದನ್ನು ಹಾಕಿ ವರ್ಷಗಟ್ಟಲೆ ಓಡಿಸಿದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ನನ್ನ ಕಾರಾದರೆ ಒಳ್ಳೆ ತಯಾರಕರ ಪ್ಲಾಸ್ಟಿಕ್ ಇಂಪೆಲರಿನ ಪಂಪೇ ಹಾಕಿ, 50-60 ಸಾವಿರ ಮೈಲಿಗೊಮ್ಮೆ ಕೆಡುವ ಮುಂಚೆಯೇ ಬದಲಿಸುತ್ತೇನೆ.

ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಪದರ) ಕೂರುವ ಜಾಗವನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಉಜ್ಜಿ. ಚಾಕು ಬೇಡ. ಹೊಸ ಗ್ಯಾಸ್ಕೆಟನ್ನು ಏನೂ ಹಚ್ಚದೆ ಹಾಗೇ ಇಡಿ, ಮೇಲೆ ಸಿಲಿಕೋನ್ ಮೆತ್ತುವ ಅಭ್ಯಾಸ ಇಲ್ಲಿ ಬೇಡ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ 10 ನ್ಯೂಟನ್ ಮೀಟರ್. ಅಷ್ಟೇ ಸಾಕು. ಅಲ್ಯೂಮಿನಿಯಂನಲ್ಲಿ ಬೋಲ್ಟ್ ಕೂರುವ ಥ್ರೆಡ್ ಹೋದರೆ ಎರಡು ದಿನದ ಕೆಲಸ ಎರಡು ವಾರವಾಗುತ್ತದೆ.

ಇಲ್ಲಿಯವರೆಗೆ ಬಂದವರು ಗೆದ್ದೆವು ಅಂದುಕೊಳ್ಳುತ್ತಾರೆ. ಹೆಚ್ಚು ಜನ ಎಡವುವುದು ಇಲ್ಲೇ.

ಊರಲ್ಲಿ ಬಾವಿಯ ಪಂಪ್‌ಸೆಟ್ ನೋಡಿದ್ದೀರಲ್ಲ? ಫುಟ್‌ವಾಲ್ವ್ ಸೋರಿ ಏರ್ ಹಿಡಿದರೆ ಮೋಟರ್ ಗುಯ್ಯೆನ್ನುತ್ತೆ, ನೀರು ಮಾತ್ರ ಬರುವುದಿಲ್ಲ. ಮೇಲಿನಿಂದ ಕೊಡದಲ್ಲಿ ನೀರು ಹುಯ್ದು ತುಂಬಿಸಿದ ಮೇಲೆಯೇ ಎತ್ತುತ್ತದೆ. ನಿಮ್ಮ ಪೋರ್ಷದಲ್ಲಿರುವುದೂ ಅದೇ ಜಾತಿಯ ಪಂಪು. ನೀರನ್ನು ತಳ್ಳುತ್ತದೆ, ಗಾಳಿಯನ್ನು ತಳ್ಳಲಾರದು. ಬಾಕ್ಸ್‌ಟರ್‌ನಲ್ಲಿ ಇಂಜಿನ್ ನಡುವೆ, ರೇಡಿಯೇಟರ್‌ಗಳು ಮುಂದೆ ಎರಡೂ ಮೂಲೆಯಲ್ಲಿ, ಟ್ಯಾಂಕ್ ಹಿಂದೆ. ಇವನ್ನು ಸೇರಿಸುವ ಪೈಪುಗಳು ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಹೋಗಿವೆ. ಗಾಳಿ ಅಡಗಿಕೊಳ್ಳಲು ಬೇಕಾದಷ್ಟು ಮೂಲೆಗಳಿವೆ.

ಕಂಪ್ರೆಸರ್ ಇದ್ದರೆ, ಅಥವಾ ಗೆಳೆಯರಿಂದ ತರಬಹುದಾದರೆ, ವ್ಯಾಕ್ಯೂಮ್ ಫಿಲ್ಲರ್ ಬಳಸಿ. ಅದು ಮೊದಲು ಒಳಗಿನ ಗಾಳಿಯನ್ನೆಲ್ಲ ಎಳೆಯುತ್ತದೆ, ಆಮೇಲೆ ಆ ಖಾಲಿ ಜಾಗಕ್ಕೆ ಕೂಲಂಟ್ ತಾನಾಗಿ ನುಗ್ಗುತ್ತದೆ. ಇನ್ನೊಂದು ಲಾಭ ಇದೆ. ಗಾಳಿ ಎಳೆದು ಹತ್ತು ನಿಮಿಷ ಬಿಟ್ಟಾಗ ಫಿಲ್ಲರ್ ಮೇಲಿನ ಗೇಜಿನ ಮುಳ್ಳು ಕದಲದಿದ್ದರೆ ಎಲ್ಲೂ ಸೋರುತ್ತಿಲ್ಲ ಅಂತ ಕೂಲಂಟ್ ಹುಯ್ಯುವ ಮುಂಚೆಯೇ ಗೊತ್ತಾಗುತ್ತದೆ. ಈ ಕೆಲಸಕ್ಕೆ ದುಡ್ಡು ಹಾಕುವ ಒಂದೇ ಸಾಮಾನು ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಅದಿಲ್ಲದಿದ್ದರೆ ಹಳೆ ದಾರಿ. ಟ್ಯಾಂಕಿನ ಮುಚ್ಚಳದ ಹತ್ತಿರ ಗಾಳಿ ಬಿಡುವ ವಾಲ್ವ್ ಇದೆ, ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರೆ ಕಾಣುತ್ತದೆ. ಅದರ ತಂತಿ ಕ್ಲಿಪ್ ಎತ್ತಿ ನೆಟ್ಟಗೆ ನಿಲ್ಲಿಸಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ನಿಧಾನವಾಗಿ ತುಂಬಿ. ಹೀಟರ್ ಪೂರ್ತಿ ಬಿಸಿಗೆ ಇಡಿ. ಇಂಜಿನ್ ಶುರು ಮಾಡಿ, ಮಟ್ಟ ಇಳಿದ ಹಾಗೆಲ್ಲ ಹುಯ್ಯುತ್ತಾ ಇರಿ, ನಡುನಡುವೆ 2,500 ಆರ್‌ಪಿಎಂ ತನಕ ರೇಸ್ ಮಾಡಿ. ಬಿಸಿಯಾದ ಮೇಲೆ ಮುಂದಿನ ಎರಡೂ ರೇಡಿಯೇಟರ್‌ಗಳ ಹತ್ತಿರ ಕೈಯೊಡ್ಡಿ ನೋಡಿ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಗಾಳಿ ಇನ್ನೂ ಇದೆ. ಹೀಟರ್ ಸುಮ್ನೆ ತಣ್ಣನೆ ಗಾಳಿ ಊದುತ್ತಿದ್ದರೂ ಅದೇ ಅರ್ಥ. ಮೊದಲ ವಾರ ಮನೆಯ ಸುತ್ತಮುತ್ತಲೇ ಓಡಿಸಿ, ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಟ್ಟ ನೋಡಿ, ಡಿಕ್ಕಿಯಲ್ಲಿ ಒಂದು ಕ್ಯಾನ್ ಇಟ್ಟುಕೊಂಡಿರಿ. ವಾಲ್ವ್ ಕ್ಲಿಪ್ಪನ್ನು ಕೊನೆಗೆ ಮಲಗಿಸುವುದು ಮರೆಯಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಮಾಮೂಲಿ ಹ್ಯಾಚ್‌ಬ್ಯಾಕ್‌ಗೆ ಪಂಪ್ ಬದಲಿಸಿದ ಮೆಕ್ಯಾನಿಕ್, ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿದ್ದಾರೆ. ನಮ್ಮಲ್ಲಿ ಚಳಿ ಇಲ್ಲ, ಕೂಲಂಟ್ ಯಾಕೆ ಅನ್ನುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ನಿಮ್ಮ ಸ್ನಾನದ ಮನೆಯ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಸುಣ್ಣ ನೋಡಿದ್ದೀರಾ? ಅದೇ ಸುಣ್ಣ ಇಂಜಿನ್ ಒಳಗೂ ರೇಡಿಯೇಟರಿನಲ್ಲೂ ಕೂರುತ್ತದೆ. ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು ಕೂಲಂಟ್ ಮಾಡುವ ಕೆಲಸಗಳಲ್ಲಿ ಒಂದು ಮಾತ್ರ. ತುಕ್ಕು ತಡೆಯುವುದು, ಕುದಿಯುವ ಬಿಂದು ಏರಿಸುವುದು ಬೆಂಗಳೂರಿಗೂ ಬೇಕು, ರಾಯಚೂರಿಗಂತೂ ಇನ್ನೂ ಬೇಕು. ನೀರನ್ನು ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಒಮ್ಮೆ ತೊಳೆಸಿ, ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟನ್ನೇ ಹಾಕಿಸಿ. ಮತ್ತೆ ಒಂದು ಮಾತು ಕೇಳಿ ನೋಡಿ: ನಿಮ್ಮ ಕಾರಿನ ಪಂಪ್ ಟೈಮಿಂಗ್ ಬೆಲ್ಟಿನಿಂದ (ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಬೆಲ್ಟ್) ತಿರುಗುವಂಥದ್ದೇ? ಹಾಗಿದ್ದರೆ ಆ ಬೆಲ್ಟನ್ನೂ ಹೊಸದು ಹಾಕಿದ್ದಾರೋ ಇಲ್ಲವೋ ಬಿಲ್ಲಿನಲ್ಲಿ ನೋಡಿ.